ಕಲ್ಲಿನ ಮುಂದಿನ ಉಪ್ಪು

ಮಿಯಾಜಾಕಿಯ ನಮ್ಮ ಕಸಾಯಿಖಾನೆಯಲ್ಲಿ, ರೋಗ ಹರಡಬಾರದೆಂದು ದನದ ತಲೆಗಳಿಗೆ, ಯಾರೂ ತಿನ್ನದಂತೆ, ನೀಲಿ ಬಣ್ಣ ಸುರಿದು ಅಂದೇ ಸುಡಬೇಕು. ಅದನ್ನು ನೋಡಿಕೊಳ್ಳುವ ಸರ್ಕಾರಿ ತಪಾಸಣಾಧಿಕಾರಿ ನಾನು. ಆ ಸಂಜೆ ಸುಡುವ ಭಟ್ಟಿ ಕೆಟ್ಟಿತು.

"ಕೋಣೆಗೆ ಬೀಗ ಹಾಕಿ ಮೇಡಂ, ನಾಳೆ ಸುಟ್ಟರಾಯ್ತು. ತಲೆಗಳೇನು ಎದ್ದು ಓಡಿಹೋಗ್ತವಾ?" ಎಂದು ಮೇಸ್ತ್ರಿ ಕುರೋಗಿ ನಕ್ಕ. ಬೀಗ ಹಾಕಿ ಕೀಲಿಯನ್ನು ನಾನೇ ಒಯ್ದೆ.

ಕೊಂದ ದನಗಳ ಆತ್ಮಕ್ಕೆಂದು ಅಂಗಳದಲ್ಲಿ ನಿಲ್ಲಿಸಿದ ಕಲ್ಲಿನ ಮುಂದೆ ದಿನವೂ ಉಪ್ಪಿನ ಗುಪ್ಪೆ ಇಡುತ್ತೇವೆ. ಬೆಳಿಗ್ಗೆ ಅದರಲ್ಲಿ ದೊಡ್ಡ ನಾಲಿಗೆಯೊಂದು ನೆಕ್ಕಿದ ಹಳ್ಳವಿತ್ತು. ಮುಟ್ಟಿದರೆ ಒದ್ದೆ, ಇನ್ನೂ ಬೆಚ್ಚಗೆ. ಬೆರಳಿಗೆ ನೀಲಿ ಹತ್ತಿತು.

"ಜಿಂಕೆ ಬಂದಿರ್ಬೇಕು, ಬಿಡಿ," ಎಂದ ಕುರೋಗಿ. ಈ ಸಲ ನಗಲಿಲ್ಲ.

ಬೀಗ ತೆಗೆದೆವು. ತಲೆಗಳೆಲ್ಲ ಇಟ್ಟಲ್ಲೇ ಇದ್ದವು, ಬಾಯಿ ತೆರೆದುಕೊಂಡು. ನಾಲಿಗೆ ಮಾರಲು ಕಾನೂನಿನ ಅಡ್ಡಿಯಿಲ್ಲ; ಈ ತಲೆಗಳ ನಾಲಿಗೆಗಳನ್ನೆಲ್ಲ ಬಣ್ಣ ಸುರಿಯುವ ಮೊದಲೇ ಕೊಯ್ದು ಪೇಟೆಗೆ ಕಳಿಸಿದ್ದೆವು.