ಖಾಲಿ ಪೆಟ್ಟಿಗೆಯ ಅರಿಶಿನದ ಕೊಂಬು

ಮಂಗಳವಾರ ಬೆಳಗ್ಗೆ 10.20ಕ್ಕೆ ಬೊಮ್ಮಸಂದ್ರದ ಠಾಣೆಗೆ ಬಂದ ದೂರು ವಿಚಿತ್ರವಾಗಿತ್ತು. ಹಳೆಯ ಪುಸ್ತಕಗಳ ಫೋಟೊ ತೆಗೆದು ಕಂಪ್ಯೂಟರಿಗೆ ಹಾಕುವ ಕಂಪನಿಯ ಮ್ಯಾನೇಜರ್ ಮುರಳಿ, ಕೈಬರಹದ ಇಂಗ್ಲಿಷ್ ಪುಸ್ತಕವೊಂದು ಕಳುವಾಗಿದೆ ಎಂದ. 1894ರಲ್ಲಿ ಬ್ರಿಟಿಷರ ದಂಡು ಪ್ರದೇಶದಲ್ಲಿದ್ದ ಮಿಸೆಸ್ ಥಾರ್ನ್ ಎಂಬಾಕೆ ಬರೆದಿಟ್ಟ ಅಡುಗೆ, ಮನೆಮದ್ದಿನ ಪುಸ್ತಕ.

"ಲಂಡನ್ನಿಂದ ಬಂದಿದ್ದು ಮೇಡಂ, ಶುಕ್ರವಾರ ವಾಪಸ್ ಕಳಿಸ್ಬೇಕು. ಹೆಂಗಸ್ರು ಬರೆದಿದ್ದು ಮರೆತುಹೋಗ್ಬಾರ್ದು ಅಂತಾನೇ ಈ ಪ್ರಾಜೆಕ್ಟು."

ಇನ್‌ಸ್ಪೆಕ್ಟರ್ ಮಹಾನಂದಾ ಎಫ್‌ಐಆರ್ ದಾಖಲಿಸಿದರು. ಹದಿನೆಂಟು ವರ್ಷದ ಸರ್ವೀಸಿನಲ್ಲಿ ಸರ, ಬೈಕು, ತಾಮ್ರದ ತಂತಿ ಎಲ್ಲ ಹುಡುಕಿದ್ದರು. ಮದ್ದಿನ ಪುಸ್ತಕ ಇದೇ ಮೊದಲು. ನಿಜ ಹೇಳಬೇಕೆಂದರೆ ಅವರಿಗೆ ಒಳಗೊಳಗೇ ಖುಷಿಯಾಗಿತ್ತು.

11.45ಕ್ಕೆ ಸ್ಥಳ ಪಂಚನಾಮೆ. ಬೀಗ ಮುರಿದಿರಲಿಲ್ಲ. ಬೀಗದ ಕೈ ಇದ್ದದ್ದು ಮೂವರ ಬಳಿ. ಪುಸ್ತಕ ಕಳುವಾದ ಸೋಮವಾರವೆಲ್ಲ ಮುರಳಿ ಚೆನ್ನೈನಲ್ಲಿದ್ದ. ಉಳಿದವರು ಫೋಟೊ ತೆಗೆಯುವ ಮೇಘಾ, ಹಳೆಯ ಬರಹ ಓದಿ ಟೈಪ್ ಮಾಡುವ ವೇಣಿ. ಪುಸ್ತಕವಿದ್ದ ರಟ್ಟಿನ ಪೆಟ್ಟಿಗೆ ಜಾಗದಲ್ಲೇ ಇತ್ತು. ಮುಚ್ಚಳ ತೆಗೆದರೆ ಒಳಗೊಂದು ಅರಿಶಿನದ ಕೊಂಬು.

"ಏನಿದು, ಮಾಟಾ ಗೀಟಾ?"

ಆನೇಕಲ್ ಕಡೆಯ ಕಾನ್‌ಸ್ಟೆಬಲ್ ಮುನಿರಾಜು ನಕ್ಕ. "ಅಲ್ಲ ಮೇಡಂ. ಬೇರೆಯವ್ರ ಪಾತ್ರೆ ಖಾಲಿ ವಾಪಸ್ ಕೊಡ್ಬಾರ್ದು ಅಂತ ಏನಾದ್ರೂ ಹಾಕ್ಕೊಡ್ತಾರಲ್ಲ, ಅಂಗೆ. ಕದ್ದೋರಿಗೂ ಖಾಲಿ ಇಡೋಕೆ ಮನಸ್ಸು ಬಂದಿಲ್ಲ."

"ನಮ್ಮ ಬಾಗಲಕೋಟಿ ಕಡೆ ಸಕ್ಕರಿ ಹಾಕ್ತೀವಿ," ಎಂದರು ಮಹಾನಂದಾ. ಕೊಂಬಿನ ವಿಷಯ ಬಾಯಿಬಿಡಬಾರದೆಂದು ಮುರಳಿಗೆ ತಾಕೀತು ಮಾಡಿದರು.

ಮಧ್ಯಾಹ್ನ 2ಕ್ಕೆ ಮೇಘಾ, ವೇಣಿ ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಒಂದೇ ಪ್ರಶ್ನೆ ಕೇಳಿದರು.

"ಪಕ್ಕದ ಮನಿ ಡಬ್ಬಿ ವಾಪಸ್ ಕೊಡುವಾಗ ಏನು ಹಾಕ್ತೀರಿ?"

"ಏನಿಲ್ಲ, ತೊಳೆದು ಕೊಡ್ತೀನಿ," ಎಂದಳು ಮೇಘಾ.

"ಅರಿಶಿನದ ಕೊಂಬು," ಎಂದಳು ವೇಣಿ ಥಟ್ಟನೆ. "ನಮ್ಮನೇಲಿ ಮುಂಚಿಂದ್ಲೂ..." ಮಾತು ಅಲ್ಲೇ ನಿಂತಿತು.

"ಪುಸ್ತಕ ಎಲ್ಲೈತಿ?"

"ಸಿಂಗಸಂದ್ರದಲ್ಲಿ, ನಮ್ಮ ದೇವರ ಮನೇಲಿ." ವೇಣಿಯ ಕಣ್ಣು ತುಂಬಿ ಬಂತು.

ಸಂಜೆ 4.10. ದೇವರ ಪಟಗಳ ಮುಂದೆ ರೇಷ್ಮೆ ಬಟ್ಟೆಯ ಮೇಲೆ ಪುಸ್ತಕವಿತ್ತು. ಪಕ್ಕದಲ್ಲಿ ವೇಣಿಯ ಅಜ್ಜಿ ಕೂತಿದ್ದರು. ವೇಣಿ ಪುಟ ತೆರೆದು ತೋರಿಸಿದಳು.

"ಈ ಮದ್ದು ಹೇಳಿದ್ದು ಸಿಂಗಸಂದ್ರದ ಸೂಲಗಿತ್ತಿ ಚಿಕ್ಕತಾಯಮ್ಮ ಅಂತ ಥಾರ್ನ್ ಅಮ್ಮನೇ ಬರ್ದಿದ್ದಾರೆ. ಹಿಂಗೇ ಇಪ್ಪತ್ತೇಳು ಮದ್ದು. ನಮ್ಮ ಮುತ್ತಜ್ಜಿಯ ಅಜ್ಜಿ ಮೇಡಂ ಅವರು. ಒಂದು ಫೋಟೊ ಇಲ್ಲ, ಸಮಾಧಿ ಇದ್ದ ಕಡೆ ಗೋಡೌನ್ ಬಂದಿದೆ. ಕಂಪನಿಯ ಪುಸ್ತಕಗಳ ಪಟ್ಟಿಲಿ ಅವರ ಹೆಸರೂ ಹಾಕಿ ಅಂತ ಮೂರು ಸಲ ಕೇಳ್ದೆ. ಬರೆದೋರ ಹೆಸರಿಗೆ ಮಾತ್ರ ಕಾಲಂ ಇರೋದು ಅಂದ್ರು ಮುರಳಿ ಸಾರ್."

"ಪುಸ್ತಕ ಕದ್ದರ ಪಟ್ಟ್ಯಾಗ ಹೆಸರು ಸೇರತೈತೇನು?"

"ಇಲ್ಲ. ಲಂಡನ್ನಿಗೆ ಹೋಗೋ ಮುಂಚೆ ಅಜ್ಜಿ ಒಂದ್ಸಲ ಮುಟ್ಲಿ ಅಂತ ತಂದೆ. ಮುಟ್ಟಿದ್ಮೇಲೆ ಬಿಡೋಕಾಗ್ಲಿಲ್ಲ."

ಮಹಾನಂದಾ ಆ ಪುಟವನ್ನು ತಾವೂ ಒಮ್ಮೆ ಓದಿದರು. ಆದರೂ ಕಳ್ಳತನ ಕಳ್ಳತನವೇ. ಇಬ್ಬರು ಪಂಚ ಸಾಕ್ಷಿಗಳ ಮುಂದೆ ಮುನಿರಾಜು ಜಪ್ತಿ ಪಂಚನಾಮೆ ಬರೆಯತೊಡಗಿದ.

"ಪುಸ್ತಕ ಬರೆದವರು ಮಿಸೆಸ್ ಥಾರ್ನ್ ಅಂತ ಹಾಕ್ಲಾ ಮೇಡಂ?"

"ಹಾಕು. ಅದರ ಕೆಳಗ ಬರಿ, ಮದ್ದು ಹೇಳಿದವರು ಸೂಲಗಿತ್ತಿ ಚಿಕ್ಕತಾಯಮ್ಮ, ಸಿಂಗಸಂದ್ರ."

"ಅಂಥ ಕಾಲಂ ಇಲ್ವಲ್ಲ ಮೇಡಂ."

"ಗೆರಿ ಹೊಡಿ."

ಮುನಿರಾಜು ಸ್ಕೇಲು ಹಿಡಿದು ಗೆರೆ ಎಳೆದು, ಹೊಸ ಕಾಲಂನಲ್ಲಿ ಆ ಹೆಸರು ಬರೆದ. ಪಂಚರು ಸಹಿ ಹಾಕಿದರು. 5.05ಕ್ಕೆ ವೇಣಿಯ ಬಂಧನವಾಯಿತು. ಪಂಚನಾಮೆಯ ಒಂದು ಪ್ರತಿಯನ್ನು ಮನೆಯವರಿಗೆ ಕೊಡಬೇಕೆಂಬುದು ನಿಯಮ. ಅದನ್ನು ಮಹಾನಂದಾ ತಾವೇ ಅಜ್ಜಿಯ ಕೈಗೆ ಕೊಟ್ಟು, ಚಿಕ್ಕತಾಯಮ್ಮನ ಹೆಸರಿದ್ದ ಸಾಲಿನ ಮೇಲೆ ಅಜ್ಜಿಯ ಬೆರಳನ್ನೇ ಇಟ್ಟು ತೋರಿಸಿ, ಆಮೇಲೆ ಜೀಪು ಹತ್ತಿದರು.