ಕೃಷ್ಣಾಬಾಯಿಯ ಫಿಯಟ್

ಇದು ಪುಣೆಯಲ್ಲಿ ನಮ್ಮ ಪಕ್ಕದ ಮನೆಯ ಮಾರ್ತಾಂಡರಿಗೆ ಆದದ್ದು. ಅವರ ಹಳೆಯ ಫಿಯಟ್ಟಿನ ಸ್ಟೇರಿಂಗ್ ಪೂರ್ತಿ ಸವೆದಿತ್ತು. ಎಷ್ಟು ಅಲೆದರೂ ಬಿಡಿಭಾಗ ಸಿಗಲಿಲ್ಲ. ಕೊನೆಗೆ ಬಿಬವೇವಾಡಿಯಲ್ಲಿ ಕೃಷ್ಣಾಬಾಯಿ ಎಂಬ ವಿಧವೆಯ ಅಂಗಳದಲ್ಲಿ ಅಂಥದ್ದೇ ಕಾರು ನಿಂತಿರುವುದು ತಿಳಿಯಿತು.

"ಓಡಸ್ತೀರಂದ್ರ ಒಯ್ರಿ, ಒಡಸಬ್ಯಾಡ್ರಿ. ನಮ್ಮ ಮನಿಯವರ ಜೀವ ಅದರಾಗಿತ್ತು," ಎಂದರು ಆಕೆ. ಮಾರ್ತಾಂಡರು ಮಾತು ಕೊಟ್ಟರು. ಆದರೆ ಸ್ಟೇರಿಂಗ್ ಮಾತ್ರ ಬಿಚ್ಚಿ ತಮ್ಮ ಕಾರಿಗೆ ಹಾಕಿಸಿಕೊಂಡು, ಉಳಿದದ್ದನ್ನು ಗುಜರಿಗೆ ಹಾಕಿ ಒಡೆಸಿಬಿಟ್ಟರು.

ಆಮೇಲೆ ದಿನವೂ ಬೆಳಿಗ್ಗೆ ಆ ಸ್ಟೇರಿಂಗ್ ಎರಡು ಕಡೆ ಅಂಗೈ ಅಗಲದಷ್ಟು ಬೆಚ್ಚಗಿರುತ್ತಿತ್ತು, ಯಾರೋ ಆಗಷ್ಟೇ ಕೈ ತೆಗೆದ ಹಾಗೆ. ಬಿಬವೇವಾಡಿಯ ತಿರುವು ಬಂದರೆ ತಾನಾಗಿ ಎಡಕ್ಕೆ ಎಳೆಯುತ್ತಿತ್ತು. ಮೆಕ್ಯಾನಿಕ್ ಬಿಚ್ಚಿ ನೋಡಿ, ಏನೂ ದೋಷವಿಲ್ಲ ಎಂದ.

ನಾಚಿಕೆ ತಾಳಲಾರದೆ ಮಾರ್ತಾಂಡರು ಒಂದು ಬೆಳಿಗ್ಗೆ ಆಕೆಯ ಮನೆಗೆ ಹೋದರು. "ಬಾಯಿ, ನಿಮ್ಮ ಗಾಡಿ ಒಡಸಿಬಿಟ್ಟೆನ್ರಿ. ಸುಳ್ಳ ಹೇಳಿದ್ದೆ," ಎಂದರು ತಲೆ ತಗ್ಗಿಸಿ.

ಕೃಷ್ಣಾಬಾಯಿ ನಕ್ಕರು. "ಚ್ಯಾಷ್ಟಿ ಮಾಡ್ತೀರೇನ್ರಿ? ನಸುಕಿನ್ಯಾಗ ನೀವ ಗಾಡಿ ಕಳಿಸಿದ್ರಲ್ಲ! ಅದರಾಗ ಕೂತು ಕಾಯಿಪಲ್ಲೆ ತರಾಕ ಮಾರ್ಕೆಟ್ ಯಾರ್ಡಿಗೆ ಈಗಷ್ಟ ಹೋಗಿಬಂದೆ. ಮಾತು ಉಳಿಸಿಕೊಂಡ್ರಿ, ಭಾಳ ಛಲೋ ಆತು."

ಆಕೆಯ ಕಾಲ ಬಳಿ ಬುಟ್ಟಿ ತುಂಬ ಮೆಂತ್ಯದ ಸೊಪ್ಪಿತ್ತು. ಬೇರಿನ ಮಣ್ಣು ಇನ್ನೂ ಹಸಿಯಾಗಿತ್ತು.