ಶ್ವಾಸಪಾಲದ ಹಸಿರು ದೀಪ

ಗುರುಮಲ್ಲಪ್ಪನವರು ಬೀದಿಯ ತಿರುವಿನಲ್ಲಿ ಕಾಣಿಸುವ ಮೊದಲೇ ಮನೆಯೊಳಗಿನ ಶ್ವಾಸಪಾಲ ಯಂತ್ರಕ್ಕೆ ಅವರ ಸುಳಿವು ಸಿಕ್ಕಿಬಿಡುತ್ತಿತ್ತು. ಗೋಡೆಯ ಮೇಲಿನ ಹಳದಿ ದೀಪ ಕೆಂಪಾಗುತ್ತಿತ್ತು. ಬಾಗಿಲ ಅಂಚಿನ ರಬ್ಬರು ಪಟ್ಟಿ ಉಬ್ಬಿ ಬಿಗಿದುಕೊಳ್ಳುತ್ತಿತ್ತು. "ಹೊರಗೆ ಅಪಾಯಕರ ಆವಿ ಇದೆ. ದಯವಿಟ್ಟು ಬಾಗಿಲು ತೆರೆಯಬೇಡಿ" ಎಂದು ಯಂತ್ರದೊಳಗಿನಿಂದ ಒಂದು ಮೆದುವಾದ ಹೆಣ್ಣುದನಿ ಹೇಳುತ್ತಿತ್ತು. ಆಗ ಮಗಳು ಸುರಗಿ, "ಅಮ್ಮಾ, ಅಪ್ಪಾಜಿ ಬಂದ್ರು!" ಎಂದು ಕೂಗುತ್ತಿದ್ದಳು. ಬೇರೆ ಮನೆಗಳ ಮಕ್ಕಳಿಗೆ ಅಪ್ಪನ ಚಪ್ಪಲಿಯ ಸದ್ದು ಗುರುತು. ಈ ಮನೆಯ ಮಗುವಿಗೆ ಕೆಂಪು ದೀಪ.

ಗುರುಮಲ್ಲಪ್ಪನವರು ಮೈಸೂರಿನ ಊದುಬತ್ತಿ ಕಾರ್ಖಾನೆಯೊಂದರಲ್ಲಿ ಮಸಾಲೆ ಕಲಸುವವರು. ಹಾಲ್ಮಡ್ಡಿ, ಸಾಂಬ್ರಾಣಿ, ಲಾವಂಚ, ಗಂಧದೆಣ್ಣೆಗಳ ನಡುವೆಯೇ ಬೆಳೆದವರು. ಒಣಗಿದರೂ ಪರಿಮಳ ಬಿಡದ ಹೂವಿನ ಹೆಸರನ್ನೇ ಆಸೆಪಟ್ಟು ಮಗಳಿಗೆ ಇಟ್ಟಿದ್ದರು. ಅದೇನು ಗ್ರಹಚಾರವೋ, ಆ ಮಗಳಿಗೇ ಉಬ್ಬಸ ಬರಬೇಕೆ! ಆರು ವರ್ಷದ ಕೂಸು ಒಂದು ಸಂಜೆ ಅಪ್ಪನ ತೊಡೆಯ ಮೇಲೆ ಕುಳಿತಿದ್ದ ಹಾಗೆಯೇ ಉಸಿರು ಸಿಕ್ಕಿಕೊಂಡು, ತುಟಿ ನೀಲಿಗಟ್ಟಿತು. ಆಸ್ಪತ್ರೆಯವರು ಪರೀಕ್ಷೆ ಮಾಡಿ, "ನಿಮ್ಮ ಮೈಯಿಂದ ಬರುವ ಆವಿಯೇ ಇವಳಿಗೆ ಆಗುವುದಿಲ್ಲ" ಎಂದರು. ಹೆತ್ತ ತಂದೆ ಕೇಳಬಾರದ ಮಾತು ಅದು.

ಆಗಷ್ಟೇ ಶ್ವಾಸಪಾಲ ಮಾರುಕಟ್ಟೆಗೆ ಬಂದಿತ್ತು. ಹಳೆಯ ಕಾಲದ ಹವಾನಿಯಂತ್ರಕಗಳು ಗಾಳಿಯನ್ನು ತಂಪು ಮಾಡುತ್ತಿದ್ದವು, ಅಷ್ಟೆ. ಮುಚ್ಚಿದ ಮನೆಯ ದೂಳು, ಬೂಷ್ಟು, ಒಗ್ಗರಣೆಯ ಹೊಗೆ, ಗೋಡೆಯ ಬಣ್ಣದ ಆವಿ ಎಲ್ಲವೂ ಅದೇ ಗಾಳಿಯಲ್ಲಿ ಸುತ್ತುತ್ತಿದ್ದವು. ಶ್ವಾಸಪಾಲ ಹಾಗಲ್ಲ, ತಂಪು ಮಾಡುವುದರ ಜೊತೆಗೆ ಗಾಳಿಯನ್ನು ಸೋಸುತ್ತಲೂ ಇತ್ತು. ಅದರ ಘ್ರಾಣಕವೆಂಬ ಕೃತಕ ಮೂಗು ನಾಯಿಯ ಮೂಗಿಗಿಂತ ಚುರುಕು. ಮನೆಗೆ ಬಂದ ಮೊದಲ ವಾರದಲ್ಲಿ ಅದು ಮನೆಯವರ ಉಸಿರನ್ನು ಗಮನಿಸಿ, ಯಾರ ಎದೆಗೆ ಯಾವುದು ಆಗದು ಎಂದು ಕಲಿತುಕೊಳ್ಳುತ್ತಿತ್ತು. ಆಮೇಲೆ ಅದರ ಸುಳಿವು ಎಷ್ಟೇ ಅಲ್ಪವಿರಲಿ, ಹಿಡಿದು, ಇದ್ದಿಲು ತುಂಬಿದ ಹೀರುಡಬ್ಬಿಯಲ್ಲಿ ಸೆರೆ ಹಾಕುತ್ತಿತ್ತು. ಗಾಳಿ ಪೂರ್ತಿ ಶುದ್ಧವಾದರೆ ಹಸಿರು ದೀಪ, ಸ್ವಲ್ಪ ಕೊರತೆಯಿದ್ದರೆ ಹಳದಿ, ಅಪಾಯವಿದ್ದರೆ ಕೆಂಪು.

ಗುರುಮಲ್ಲಪ್ಪನವರು ಕಾರ್ಖಾನೆ ಬಿಟ್ಟು ದಿನಸಿ ಅಂಗಡಿಯಲ್ಲಿ ತಕ್ಕಡಿ ಹಿಡಿದರು. ಕಡಲೆಹಿಟ್ಟು, ಸೀಗೆಪುಡಿ ಹಾಕಿ ಮೈ ಕೆಂಪಾಗುವಂತೆ ಉಜ್ಜಿಕೊಂಡರು. ತಿಂಗಳುಗಟ್ಟಲೆ ಹೀಗೆ ಮಾಡಿದರೂ ಹೊಸ್ತಿಲ ಹತ್ತಿರ ಬಂದರೆ ಸಾಕು, ದೀಪ ಕೆಂಪು. ಎಷ್ಟೋ ವರ್ಷಗಳ ಪರಿಮಳ ಚರ್ಮಕ್ಕೆ ಇಳಿದು ಬೆವರಿನಲ್ಲಿ ಬರುತ್ತಿತ್ತು. "ನಾನು ಬಿಟ್ಟರೂ ಅದು ನನ್ನನ್ನ ಬಿಡಲ್ಲ ಕಣೇ" ಎಂದು ಹೆಂಡತಿ ದಾಕ್ಷಾಯಿಣಿಗೆ ಹೇಳಿ, ಹಾಸಿಗೆ ಸುತ್ತಿಕೊಂಡು ಜಗುಲಿಯ ಪಕ್ಕದ ಹೊರಕೋಣೆಗೆ ಹೋದರು. ಗೊತ್ತಿದ್ದ ಕೆಲಸಕ್ಕೇ ವಾಪಸು ಸೇರಿಕೊಂಡರು.

ಮಗಳು ಚೇತರಿಸಿಕೊಂಡಳು. ಉಬ್ಬಸ ಮತ್ತೆ ಬರಲೇ ಇಲ್ಲ. ಶಾಲೆಗೆ, ಆಮೇಲೆ ಕಾಲೇಜಿಗೆ ಮೂಗುಪಟ್ಟಿ ಕಟ್ಟಿಕೊಂಡು ಹೋಗಿಬಂದಳು. ಆ ಪಟ್ಟಿ ಬೀದಿಯ ದೂಳಿಗೆ ಸಾಕು, ಅಪ್ಪನ ಆವಿಗೆ ಸಾಲದು. ವರ್ಷಕ್ಕೊಮ್ಮೆ ಯಂತ್ರ ನೋಡಲು ಬರುತ್ತಿದ್ದವನು ಹೀರುಡಬ್ಬಿ ಬದಲಿಸಿ, ಎಲ್ಲ ಸರಿಯಾಗಿದೆ ಎಂದು ಹೇಳಿ ಹೋಗುತ್ತಿದ್ದ. ಹುಡುಗಿಯನ್ನು ಇನ್ನೊಮ್ಮೆ ಪರೀಕ್ಷಿಸೋಣವೇ ಎಂದು ವೈದ್ಯರು ಒಂದು ಸಲ ಕೇಳಿದ್ದುಂಟು. ದಾಕ್ಷಾಯಿಣಿಯವರು ಕೈಮುಗಿದು, "ಚೆನ್ನಾಗಿದ್ದಾಳಲ್ಲ ಸ್ವಾಮಿ, ಸುಮ್ಮನೆ ಯಾಕೆ ಕೆದಕೋದು?" ಎಂದುಬಿಟ್ಟರು. ಜೀವ ಬಾಯಿಗೆ ಬಂದದ್ದನ್ನು ಒಮ್ಮೆ ಕಂಡ ತಾಯಿ ಇನ್ನೇನು ತಾನೆ ಹೇಳಿಯಾಳು?

ಸಂಜೆಯಾದರೆ ಗಾಜಿನ ಕಿಟಕಿಯ ಆಚೆ ಅಪ್ಪ, ಈಚೆ ಮಗಳು, ನಡುವೆ ಮಾತು ಸಾಗಿಸಲು ಒಂದು ಪುಟ್ಟ ಧ್ವನಿವಾಹಕ. ಚೌಕಾಬಾರದ ಮಣೆ ಮಗಳ ಕಡೆ. ಅಪ್ಪ ಆಚೆ ಕವಡೆ ಹಾಕುತ್ತಿದ್ದರು, ಮಗಳು ಈಚೆ ಅವರ ಕಾಯನ್ನೂ ತಾನೇ ನಡೆಸುತ್ತಿದ್ದಳು.

"ಏಯ್ ಕಳ್ಳಿ, ನಾಲ್ಕು ಬಿದ್ದಿದೆ, ಮೂರೇ ಮನೆ ನಡೆಸಿದೆಯಲ್ಲ!"

"ಕನ್ನಡಕ ಒರೆಸ್ಕೊಂಡು ನೋಡಿ ಅಪ್ಪಾಜಿ."

"ರಾಮನ ವನವಾಸಕ್ಕಾದರೂ ಒಂದು ಲೆಕ್ಕ ಇತ್ತು. ನನ್ನ ಜಗುಲಿವಾಸಕ್ಕೆ ಅದೂ ಇಲ್ಲ, ಆಟದಲ್ಲಿ ಮೋಸ ಬೇರೆ!" ಎಂದು ಅವರು ನಗುತ್ತಿದ್ದರು. ಸುರಗಿಯೂ ನಗುತ್ತಿದ್ದಳು. ಆದರೆ ಅವಳ ಮನಸ್ಸಿನಲ್ಲಿ ಒಂದೇ ಆಸೆ ಬೇರುಬಿಟ್ಟಿತ್ತು: ಅಪ್ಪಾಜಿ ಒಂದೇ ಒಂದು ಹೊತ್ತು ಒಳಗೆ ಬಂದು, ತನ್ನ ಪಕ್ಕ ಕುಳಿತು ಉಣ್ಣಬೇಕು.

ಅವಳು ಕಾಲೇಜು ಮುಗಿಸಿದ ವರ್ಷದ ಬೇಸಿಗೆ ಮೈಸೂರು ಕಂಡು ಕೇಳರಿಯದ್ದು. ಬಿಸಿಗಾಳಿ ವಾರಗಟ್ಟಲೆ ಬೀಸಿತು. ವಿದ್ಯುತ್ತಿನ ಅಭಾವದಿಂದ ಒಂದು ಮನೆಗೆ ಒಂದೇ ತಂಪುಯಂತ್ರ ಎಂಬ ಕಾಯಿದೆ ಬಂದು ಆಗಲೇ ಬಹಳ ಕಾಲವಾಗಿತ್ತು. ಒಳಗೆ ಕಂಬಳಿ ಹೊದೆಯುವಷ್ಟು ತಂಪು. ಹೊರಕೋಣೆಯಲ್ಲಿ ಫ್ಯಾನು ತಿರುಗಿದರೆ ಒಲೆಯ ಮುಂದೆ ಕುಳಿತಂತೆ ಬಿಸಿ ಬಡಿಯುತ್ತಿತ್ತು. ಗುರುಮಲ್ಲಪ್ಪನವರು ಊಟ ಬಿಟ್ಟರು, ಕವಡೆ ಮುಟ್ಟಲಿಲ್ಲ. ಸುರಗಿಗೆ ಸಹಿಸಲಾಗಲಿಲ್ಲ. ಯಂತ್ರ ಬೇಡ ಬೇಡವೆಂದು ಕಿರುಚುತ್ತಿದ್ದರೂ ಮೂಗುಪಟ್ಟಿ ಕಟ್ಟಿಕೊಂಡು ಬಾಗಿಲು ತೆರೆದು ನಿಂತಳು.

"ಒಳಗೆ ಬನ್ನಿ ಅಪ್ಪಾಜಿ. ಸ್ವಲ್ಪ ಹೊತ್ತು ತಂಪಲ್ಲಿ ಮಲಗಿ. ನಾನು ಮಹಡಿಗೆ ಹೋಗಿ ಬಾಗಿಲು ಹಾಕ್ಕೊಂಡಿರ್ತೀನಿ."

"ಹುಚ್ಚು ಹುಡುಗಿ, ಹೋಗು ಒಳಗೆ."

"ನಿಮಗೇನಾದ್ರೂ ಆದ್ರೆ?"

"ನನಗೇನಾಗುತ್ತೆ, ಗುಂಡುಕಲ್ಲಿನ ಹಾಗಿದೀನಿ. ಅವತ್ತು ನಿನ್ನ ತುಟಿ ನೀಲಿ ಆಗಿದ್ದನ್ನ ಕಣ್ಣಾರೆ ನೋಡಿದೀನಿ ಮಗಳೇ. ಎರಡನೇ ಸಲ ನೋಡೋ ಶಕ್ತಿ ನನಗಿಲ್ಲ."

ಗೋಡೆ ಹಿಡಿದುಕೊಂಡು ಎದ್ದು ಬಂದು, ಅವರೇ ಹೊರಗಿನಿಂದ ಬಾಗಿಲೆಳೆದರು.

ಮರುದಿನ ಮಧ್ಯಾಹ್ನ ಬುತ್ತಿ ಇಡಲು ಹೋದ ದಾಕ್ಷಾಯಿಣಿಯವರ ಕೂಗು ಕೇಳಿಸಿತು. ಸುರಗಿ ಮೂಗುಪಟ್ಟಿಯನ್ನೂ ಮರೆತು ಓಡಿದಳು. ಅಪ್ಪನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಮೈ ಕೆಂಡವಾಗಿತ್ತು, ಉಸಿರು ಆಗಲೇ ನಿಂತಿತ್ತು. ಅವಳ ಉಸಿರು ಕಟ್ಟಿ, ಬಿಕ್ಕಿಬಿಕ್ಕಿ ಬಂತು. "ಅಯ್ಯೋ, ಇವಳಿಗೆ ಮತ್ತೆ ಉಬ್ಬಸ ಬಂತಲ್ಲಪ್ಪೋ!" ಎಂದು ತಾಯಿ ಎದೆ ಬಡಿದುಕೊಂಡು ಅವಳನ್ನು ಒಳಗೆಳೆದು ಹಾಕಿದರು. ಮಣ್ಣಿಗೆ ಹೋಗುವ ಅಪ್ಪನನ್ನು ಕೂಡ ಮಗಳು ಗಾಜಿನ ಹಿಂದಿನಿಂದಲೇ ನೋಡಿದಳು.

ಕಾರ್ಯಗಳೆಲ್ಲ ಮುಗಿದ ಮೇಲೆ ನೆಂಟರು ಹೊರಕೋಣೆಯನ್ನು ತೊಳೆದರು. ಹಾಸಿಗೆ, ಬಟ್ಟೆಬರೆ ಎಲ್ಲ ಕೊಟ್ಟುಬಿಟ್ಟರು. ಮಾರನೆಯ ಬೆಳಿಗ್ಗೆ ಗೋಡೆಯ ಮೇಲೆ ಹಸಿರು ದೀಪ ಹೊತ್ತಿಕೊಂಡಿತು. ಆ ಮನೆಯಲ್ಲಿ ಅದು ಹೊತ್ತಿದ್ದು ಅದೇ ಮೊದಲು.

"ಅಭಿನಂದನೆಗಳು! ನಿಮ್ಮ ಮನೆಯ ಗಾಳಿ ಇಂದು ಸಂಪೂರ್ಣ ಶುದ್ಧವಾಗಿದೆ."

"ಅದರ ಬಾಯಿ ಮುಚ್ಚಿಸೇ" ಎಂದು ದಾಕ್ಷಾಯಿಣಿಯವರು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ಯಂತ್ರಕ್ಕೇನು ಗೊತ್ತು, ಪಾಪ. ಅದು ಈ ಸಂತೋಷದ ಸುದ್ದಿಯನ್ನು ತನ್ನನ್ನು ತಯಾರಿಸಿದ ಸಂಸ್ಥೆಗೂ ಕಳಿಸಿತ್ತು. ಎರಡು ದಿನ ಬಿಟ್ಟು ಶ್ವಾಸಪಾಲವನ್ನು ರೂಪಿಸಿದ ವಿಜ್ಞಾನಿ ಡಾಕ್ಟರ್ ಅರುಂಧತಿ ಶೆಣೈ ಖುದ್ದಾಗಿ ಬಂದರು. ಕೈಯಲ್ಲೊಂದು ಸಿಹಿಯ ಪೊಟ್ಟಣ.

"ನಿಮ್ಮದು ನಮ್ಮ ಅತ್ಯಂತ ಕಠಿಣ ಮನೆಗಳಲ್ಲಿ ಒಂದು. ಎಂದೂ ಹಸಿರಿಗೆ ಬಾರದಿದ್ದದ್ದು ಈಗ ಬಂದಿದೆ. ಮನೆಯಲ್ಲಿ ಏನು ಬದಲಾವಣೆ ಮಾಡಿದಿರಿ ಎಂದು ತಿಳಿದುಕೊಳ್ಳೋಣವೆಂದು ಬಂದೆ" ಎಂದರು.

"ನಮ್ಮ ಅಪ್ಪಾಜಿ ತೀರಿಕೊಂಡರು" ಎಂದಳು ಸುರಗಿ.

ಡಾಕ್ಟರು ಸಿಹಿಯ ಪೊಟ್ಟಣವನ್ನು ಮೆಲ್ಲಗೆ ಚೀಲದೊಳಗೆ ಸೇರಿಸಿ, ಕುರ್ಚಿಯ ಅಂಚಿನಲ್ಲಿ ಕುಳಿತರು. ಸುರಗಿ ನಡೆದದ್ದನ್ನೆಲ್ಲ ಹೇಳಿದಳು. ಕೊನೆಗೆ, ಇಷ್ಟು ದಿನವೂ ಕೊರೆಯುತ್ತಿದ್ದುದನ್ನು ಕೇಳಿದಳು.

"ಅವತ್ತು ಮೂಗುಪಟ್ಟಿ ಇಲ್ಲದೆ ಅವರನ್ನ ತಬ್ಬಿಕೊಂಡಿದ್ದೆ. ಉಸಿರು ಕಟ್ಟಿತು, ನಿಜ. ಆದರೆ ಅದು ಉಬ್ಬಸವೋ ಅಳುವೋ ನನಗೆ ಗೊತ್ತಾಗಲಿಲ್ಲ. ಯಾವುದು ಅಂತ ನೀವು ಹೇಳಬಲ್ಲಿರಾ?"

ಶೆಣೈಯವರು ಚೀಲದಿಂದ ಉಸಿರು ಅಳೆಯುವ ಕೊಳವೆ ತೆಗೆದು ಅವಳಿಂದ ಊದಿಸಿದರು. ಅಂಕಿ ನೋಡಿದರು, ಮತ್ತೆ ಊದಿಸಿದರು. ಅವರ ಮುಖ ಇಳಿಯಿತು.

"ಇದರಲ್ಲಿ ಉಬ್ಬಸದ ಸುಳಿವು ಕಾಣುತ್ತಿಲ್ಲ. ಖಚಿತವಾಗಲು ಇನ್ನೊಂದು ಪರೀಕ್ಷೆ ಮಾಡಬಹುದು. ಇದ್ದಿಲು ತಣ್ಣಗಿರುವಾಗ ಆವಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಬಿಸಿಯಾದರೆ ಬಿಟ್ಟುಕೊಡುತ್ತದೆ. ಈ ವರ್ಷ ನಿಮ್ಮ ತಂದೆಯ ಮೈಯಿಂದ ಬಂದದ್ದೆಲ್ಲ ಈ ಡಬ್ಬಿಯೊಳಗಿದೆ. ಔಷಧ ನನ್ನ ಕೈಯಲ್ಲಿರುತ್ತದೆ. ಭಯವಾದರೆ ಬೇಡಮ್ಮ."

"ಬಿಸಿ ಮಾಡಿ" ಎಂದಳು ಸುರಗಿ.

ಡಾಕ್ಟರು ಹೀರುಡಬ್ಬಿಯನ್ನು ಹೊರತೆಗೆದು, ಡಬ್ಬಿ ಪರೀಕ್ಷಿಸಲೆಂದು ತಾವು ತಂದಿದ್ದ ಪುಟ್ಟ ಬಿಸಿತಟ್ಟೆಯ ಮೇಲಿಟ್ಟರು. ಸ್ವಲ್ಪ ಹೊತ್ತಿಗೆ ಏನೋ ಎದ್ದು ಬಂತು. ಮೊದಲು ಸಾಂಬ್ರಾಣಿ, ಆಮೇಲೆ ಗಂಧ, ಅದರ ಅಡಿಯಲ್ಲಿ ಒದ್ದೆ ಲಾವಂಚದಂಥದ್ದು, ಎಲ್ಲಕ್ಕೂ ಕೆಳಗೆ ದುಡಿದ ಮೈಯ ಬೆವರು. ಸುರಗಿಗೆ ಸಟ್ಟನೆ ಒಂದು ತೊಡೆ ನೆನಪಾಯಿತು, ತಲೆ ಒರಗಿಸಿದ್ದ ಒಂದು ಅಂಗಿಯ ಗುಂಡಿ ನೆನಪಾಯಿತು. ಅವಳು ಎದೆ ತುಂಬ ಎಳೆದುಕೊಂಡಳು. ಉಸಿರು ಸಿಕ್ಕಿಕೊಳ್ಳಲಿ ಎಂದು ಕಾದಳು. ಸಿಕ್ಕಿಕೊಳ್ಳಲಿ ದೇವರೇ, ಅಪ್ಪಾಜಿ ಹೊರಗೆ ಬೆಂದದ್ದಕ್ಕೆ ಒಂದು ಅರ್ಥವಾದರೂ ಇರಲಿ ಎಂದು ಬೇಡಿಕೊಂಡಳು. ಉಸಿರು ಸಲೀಸಾಗಿ ಒಳಗೆ ಹೋಯಿತು, ಸಲೀಸಾಗಿ ಹೊರಗೆ ಬಂತು.

"ಎಂದಿನಿಂದ ಹೀಗೆ?" ಎಂದಳು ಸುರಗಿ.

"ಎಷ್ಟೋ ಮಕ್ಕಳಿಗೆ ಬೆಳೆಯುತ್ತ ಬೆಳೆಯುತ್ತ ಉಬ್ಬಸ ಬಿಟ್ಟುಹೋಗುತ್ತದೆ. ನಿಮಗೆ ಯಾವಾಗ ಹೋಯಿತೋ, ಈಗ ಹೇಳಲಾಗದು." ಶೆಣೈಯವರು ಕೈಯಲ್ಲಿದ್ದ ಔಷಧವನ್ನು ಚೀಲಕ್ಕೆ ಸೇರಿಸಿದರು. "ಯಾರನ್ನು ಹೊರಗಿಡಬೇಕೆಂದು ಯಂತ್ರಕ್ಕೆ ಒಮ್ಮೆ ಕಲಿಸಿದೆವು. ಇನ್ನು ಒಳಗೆ ಬಿಡಬಹುದೇ ಎಂದು ಮತ್ತೆ ಕೇಳುವುದನ್ನು ಕಲಿಸಲಿಲ್ಲ. ಅದು ನಮಗೆ ಹೊಳೆಯಲೇ ಇಲ್ಲಮ್ಮ."

ಸುರಗಿಯ ಕಣ್ಣೀರು ತಾನಾಗಿ ಸುರಿಯುತ್ತಿತ್ತು. ಪರಿಮಳ ನಡುಮನೆ ದಾಟಿ ಅಡುಗೆಮನೆಯ ಕಡೆ ಹೋಯಿತು. ಅಲ್ಲಿ ದಾಕ್ಷಾಯಿಣಿಯವರು ಸಾರಿಗೆ ಒಗ್ಗರಣೆ ಹಾಕುತ್ತಿದ್ದರು. ಇಲ್ಲಿ ನಡೆಯುತ್ತಿರುವುದು ಅವರಿಗೆ ತಿಳಿಯದು.

"ಬಂದ್ರಾ?" ಎಂದು ಒಳಗಿನಿಂದ ಅವರ ದನಿ ಕೇಳಿತು. "ಕೈಕಾಲು ತೊಳ್ಕೊಂಡು ಬನ್ನಿ, ಎಲೆ ಹಾಕ್ತೀನಿ."

ಆಮೇಲೆ ಸೌಟು ನೆಲಕ್ಕೆ ಬಿದ್ದ ಸದ್ದು. ದಾಕ್ಷಾಯಿಣಿಯವರು ಬಾಗಿಲಿಗೆ ಬಂದು, ಚೌಕಟ್ಟು ಹಿಡಿದು ನಿಂತರು.

ಗೋಡೆಯ ಮೇಲೆ ದೀಪ ಕೆಂಪಾಯಿತು. "ಒಳಗೆ ಅಪಾಯಕರ ಆವಿ ಇದೆ. ಈಗಲೇ ತೆಗೆದುಹಾಕಲಾಗುವುದು" ಎನ್ನುತ್ತ ಯಂತ್ರ ಜೋರಾಗಿ ಗಾಳಿ ಎಳೆಯತೊಡಗಿತು. ಸುರಗಿ ಓಡಿಹೋಗಿ ಅದರ ಗುಂಡಿ ಒತ್ತಿದಳು. ಮೊರೆತ ಇಳಿಯುತ್ತ ಬಂದು ನಿಂತುಹೋಯಿತು.

ನಿಧಾನವಾಗಿ ಸೆಕೆ ಏರಿತು. ತಾಯಿ ಮಗಳು ಬೆವರುತ್ತ ನೆಲದ ಮೇಲೆ ಕುಳಿತರು. ಡಾಕ್ಟರು ಕಿಟಕಿ ತೆರೆಯಲು ಎದ್ದರು.

"ಬೇಡಮ್ಮ" ಎಂದರು ದಾಕ್ಷಾಯಿಣಿ. "ಅವರು ಈಗ ತಾನೆ ಒಳಗೆ ಬಂದಿದ್ದಾರೆ."